ಹಾಲು ಅನ್ನ ಬರೆಯುವ ವೈದ್ಯರು

ದಿನಪತ್ರಿಕೆಯಲ್ಲಿ ಓದುಗರು ಕಣ್ಣು ಹಾಯಿಸದೆ ಪುಟ ಮಗುಚುವ ಮೂಲೆಯೊಂದುಂಟು. ಅಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ ಸರ್ಕಾರದ ಯಾವುದೋ ಇಲಾಖೆ ಪ್ರಕಟಿಸಿರುತ್ತದೆ: ಇಂಥ ತಾಲ್ಲೂಕುಗಳ ಇಂಥ ಯೋಜನೆಗೆ ವಿವರವಾದ ವರದಿ ತಯಾರಿಸಿಕೊಡಲು ಅರ್ಹ ಸಲಹಾ ಸಂಸ್ಥೆಗಳಿಂದ ಪ್ರಸ್ತಾವಗಳನ್ನು ಆಹ್ವಾನಿಸಲಾಗಿದೆ. ಈಗ ಇದರ ಪೂರ್ಣಪಾಠ ಸಿಕ್ಕುವುದು ಸರ್ಕಾರದ ಅಂತರ್ಜಾಲ ಪುಟದಲ್ಲಿ. ಅಲ್ಲಿಯೂ ಅದನ್ನು ಓದುವವರು, ಇಂಥ ಆಹ್ವಾನಗಳಿಗೆ ಉತ್ತರ ಬರೆಯುವುದನ್ನೇ ವೃತ್ತಿ ಮಾಡಿಕೊಂಡ ಕಂಪನಿಗಳವರು ಮಾತ್ರ.

ನೀರಸವಾದ ವಿಷಯ, ನಿಜ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕೆ ಇದು ಕುಡಿಯುವ ನೀರಿನ ವಿಷಯ. ಅವರ ಕೆರೆಗೆ ಯಾವ ನೀರು ಬರಬೇಕು, ಎಲ್ಲಿಂದ ಬರಬೇಕು, ಎಷ್ಟು ಖರ್ಚಿನಲ್ಲಿ ಬರಬೇಕು ಎಂಬುದು ಶಾಸನಸಭೆಯಲ್ಲಿ ಚರ್ಚೆಯಾಗುವುದಕ್ಕೆ ಬಹಳ ಮೊದಲೇ ಆ ಆಹ್ವಾನಪತ್ರದ ಒಕ್ಕಣೆಯಲ್ಲಿ ಅರ್ಧ ತೀರ್ಮಾನವಾಗಿರುತ್ತದೆ. ಉಳಿದರ್ಧ ಅದಕ್ಕೆ ಬರುವ ಉತ್ತರದಲ್ಲಿ. ಈ ವ್ಯವಹಾರದಲ್ಲಿ ತಪ್ಪು ಉತ್ತರ ಬರೆಯುವವರದ್ದಕ್ಕಿಂತ ಪ್ರಶ್ನೆ ಕೇಳುವವರದ್ದೇ ದೊಡ್ಡದು ಎಂಬುದು ನನ್ನ ವಾದ.

ಮೊದಲು ಈ ಪದ್ಧತಿ ನಡೆಯುವ ಬಗೆಯನ್ನು ನೋಡೋಣ. ಇಲಾಖೆ ಕೆಲಸದ ವ್ಯಾಪ್ತಿಯನ್ನು ಬರೆದು ಪ್ರಕಟಿಸುತ್ತದೆ. ಕಂಪನಿಗಳು ಎರಡು ಲಕೋಟೆಗಳಲ್ಲಿ ಉತ್ತರ ಕೊಡುತ್ತವೆ: ಒಂದರಲ್ಲಿ ತಮ್ಮ ಯೋಗ್ಯತೆ, ಇನ್ನೊಂದರಲ್ಲಿ ತಮ್ಮ ಬೆಲೆ. ಈಗ ಲಕೋಟೆಗಳೂ ಕಂಪ್ಯೂಟರಿನೊಳಗೇ ಇವೆ, ಅಷ್ಟೇ ವ್ಯತ್ಯಾಸ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಗುಣ ಮತ್ತು ಬೆಲೆ ಎರಡನ್ನೂ ತೂಗಿ ಆರಿಸುವಾಗ, ಗುಣಕ್ಕೆ ನೂರಕ್ಕೆ 80ಕ್ಕಿಂತ ಹೆಚ್ಚು ತೂಕ ಕೊಡುವಂತಿಲ್ಲ. ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತಾ ಕಾಯಿದೆ ಇದೆ. ಇವೆಲ್ಲ ಒಳ್ಳೆಯ ಉದ್ದೇಶದಿಂದ ಹುಟ್ಟಿದ ಕಟ್ಟಳೆಗಳು. ಮಂತ್ರಿಗಳ ಭಾವಮೈದುನನಿಗೆ ಕೆಲಸ ಹೋಗದಿರಲಿ ಎಂದು ಮಾಡಿದವು. ಅವನ್ನು ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ.

ಆದರೆ ಗುಣವನ್ನು ಅಳೆಯುವ ಕೋಲು ಯಾವುದು? ಸಾಮಾನ್ಯವಾಗಿ ಕಂಪನಿಯ ವಾರ್ಷಿಕ ವಹಿವಾಟು ಎಷ್ಟು ಕೋಟಿ, ಇಂಥ ಕೆಲಸ ಹಿಂದೆ ಎಷ್ಟು ಮಾಡಿದೆ, ಅದರ ತಜ್ಞರ ಪದವಿಗಳೇನು, ಅನುಭವ ಎಷ್ಟು ವರ್ಷ ಎಂಬ ಲೆಕ್ಕ. ಇವೂ ಬೇಕು. ಆದರೆ ಮುಳಬಾಗಿಲಿನ ಬಂಡೆನೆಲದಲ್ಲಿ ಮಳೆನೀರು ಎತ್ತ ಹರಿದು ಎಲ್ಲಿ ಇಂಗುತ್ತದೆಂದು ಬಲ್ಲವನಿಗೆ ಎಷ್ಟು ಅಂಕ? ರಾಜಕಾಲುವೆ ಎಲ್ಲಿ ಒತ್ತುವರಿಯಾಗಿದೆ, ತೂಬು ಎಂದಿನಿಂದ ಕೆಟ್ಟಿದೆ, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ ಎಂಬುದನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ನೀರುಗಂಟಿ ಇಂದು ಎದ್ದು ಬಂದರೂ ಆ ಅಂಕಪಟ್ಟಿಯಲ್ಲಿ ಅವನಿಗೆ ಸೊನ್ನೆಯೇ. ಅವನಿಗೆ ವಾರ್ಷಿಕ ವಹಿವಾಟು ಎಲ್ಲಿಂದ ಬರಬೇಕು?

ಕಂಪನಿಗಳನ್ನು ಬೈಯುವುದು ಸುಲಭ. ಪತ್ರಿಕೆಗಳಲ್ಲಿ ಅದು ವಾಡಿಕೆಯೂ ಆಗಿದೆ. ಆದರೆ ಅವುಗಳ ಕಷ್ಟವನ್ನೂ ನೋಡಬೇಕು. ಅವು ಕೇಳಿದ್ದಕ್ಕೆ ಉತ್ತರ ಕೊಡುತ್ತವೆ. ಇಂಥ ಹಳ್ಳದಿಂದ ಇಂಥ ಜಿಲ್ಲೆಗೆ ಇಷ್ಟು ನೀರು ಒಯ್ಯುವ ಯೋಜನೆಗೆ ವರದಿ ಬೇಕು ಎಂದು ಇಲಾಖೆ ಕೇಳಿದರೆ, ಆ ಹಳ್ಳದಲ್ಲಿ ಅಷ್ಟು ನೀರಿಲ್ಲ, ಯೋಜನೆಯೇ ಬೇಡ ಎಂದು ಬರೆಯುವ ಕಂಪನಿ ಯಾವುದು? ಹಾಗೆ ಬರೆದರೆ ಮುಂದಿನ ಆಹ್ವಾನಕ್ಕೆ ಅದು ಯಾವ ಮುಖ ಹೊತ್ತು ಹೋದೀತು? ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನಮ್ಮಲ್ಲಿ ಹಳೆಯದು. ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಾಲು ಅನ್ನವನ್ನೇ ಬರೆದುಕೊಡುವ ವೈದ್ಯರು ಬೇಕಾಗಿದ್ದಾರೆಂದು ರೋಗಿಯೇ ಜಾಹೀರಾತು ಕೊಡುತ್ತಿದ್ದಾನೆ.

ಎತ್ತಿನಹೊಳೆಯ ಕಥೆಯನ್ನು ನೋಡಿ. ಪಶ್ಚಿಮಘಟ್ಟದ ಹೊಳೆಗಳಿಂದ 24.01 ಟಿ.ಎಂ.ಸಿ. ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಗೆ ಹರಿಸುವ ಯೋಜನೆಗೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಆಗಿನ ಅಂದಾಜು 8,323 ಕೋಟಿ ರೂಪಾಯಿ. ಎರಡು ವರ್ಷಕ್ಕೆ ಅದು 12,912 ಕೋಟಿಯಾಯಿತು. 2023ರಲ್ಲಿ 23,251 ಕೋಟಿಯಾಯಿತು. ನೆಲದ ಬೆಲೆ ಏರಿತು, ಸಾಮಗ್ರಿಯ ಬೆಲೆ ಏರಿತು, ಕೆಲಸ ತಡವಾಯಿತು. ಇವೆಲ್ಲ ಒಪ್ಪತಕ್ಕ ಕಾರಣಗಳು. ಆದರೂ 11 ವರ್ಷಗಳಲ್ಲಿ ಮೂರು ಪಟ್ಟಿನ ಸಮೀಪಕ್ಕೆ ಬೆಳೆದ ಲೆಕ್ಕವನ್ನು ಅಂದಾಜು ಎಂದು ಕರೆಯುವುದು ಆ ಮಾತಿಗೇ ಅವಮಾನ.

ಹಣದ ಮಾತು ಹಾಗಿರಲಿ, ನೀರಿನ ಮಾತೇನು? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2015ರಲ್ಲಿ ಆ ಜಲಾನಯನದ ಇಳುವರಿಯನ್ನು ಲೆಕ್ಕ ಹಾಕಿ, ಅದು ಸುಮಾರು 9.55 ಟಿ.ಎಂ.ಸಿ. ಮಾತ್ರ ಎಂದರು. ಸರ್ಕಾರ ಅದನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿ ಎಂಬುದನ್ನು ಹೊಳೆಯೇ ಹೇಳಲಿ. ನನ್ನ ತಕರಾರು ಬೇರೆ. ಇಷ್ಟು ಮೂಲಭೂತವಾದ ಪ್ರಶ್ನೆಯನ್ನು ಸ್ವತಂತ್ರ ವಿಜ್ಞಾನಿಗಳು ಶಂಕುಸ್ಥಾಪನೆಯಾದ ಮೇಲೆ ಎತ್ತಬೇಕಾಗಿ ಬಂದದ್ದೇಕೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆ ಸಕಲೇಶಪುರದ ಬಳಿ ನಡೆಯಿತು. ಯೋಜನೆ ಮಂಜೂರಾಗಿ ಅಷ್ಟರಲ್ಲಿ 12 ವರ್ಷ ಕಳೆದಿತ್ತು. ಸಕಲೇಶಪುರಕ್ಕೂ ಶ್ರೀನಿವಾಸಪುರಕ್ಕೂ ನಡುವಿನ ದೂರವನ್ನು ಓದುಗರೇ ನಕ್ಷೆಯಲ್ಲಿ ಅಳೆದುಕೊಳ್ಳಬಹುದು.

ಕೋಲಾರಕ್ಕೆ ಹೊರಗಿನಿಂದ ಬಂದ ಇನ್ನೊಂದು ನೀರು ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯದು. ರಾಜಧಾನಿಯ ಚರಂಡಿನೀರನ್ನು ಎರಡನೆಯ ಹಂತದವರೆಗೆ ಶುದ್ಧಿ ಮಾಡಿ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ ಇದು. 2018ರ ಜೂನಿನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಾಗ ಜನ ಸಂತೋಷಪಟ್ಟರು. ಜುಲೈನಲ್ಲಿ ಆ ಕೆರೆಯಲ್ಲೇ ನೊರೆ ಎದ್ದಿತು. ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು, ಆಮೇಲೆ ತೆಗೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಏಪ್ರಿಲಿನಲ್ಲಿ ಅದೂ ತೆರವಾಯಿತು. ಬಳಿಕ ಕೆರೆಗಳು ತುಂಬಿದವು. ಬತ್ತಿದ್ದ ಕೊಳವೆಬಾವಿಗಳಲ್ಲಿ ಎಷ್ಟೋ ಕಡೆ ನೀರು ಮೇಲೆ ಬಂತು. ಇದನ್ನು ಅಲ್ಲಗಳೆಯುವವನು ಬರ ಕಂಡವನಲ್ಲ.

ಆದರೆ ಪ್ರಶ್ನೆ ಉಳಿದೇ ಇದೆ. ಕೆರೆಯ ನೀರು ಕೆಳಗಿಳಿದು ಬಾವಿ ಸೇರುತ್ತದೆ. ಆ ಬಾವಿಯ ನೀರನ್ನು ಹಳ್ಳಿಗರು ಕುಡಿಯುತ್ತಾರೆ. ಹೀಗಿರುವಾಗ ಎರಡನೆಯ ಹಂತದ ಶುದ್ಧಿ ಸಾಕೆ, ಮೂರನೆಯದು ಬೇಡವೆ? ಇದು ವಕೀಲರು ಕೇಳಬೇಕಾದ ಪ್ರಶ್ನೆಯಲ್ಲ. ಆಹ್ವಾನಪತ್ರ ಬರೆಯುವ ಇಲಾಖೆಯ ಮೇಜಿನ ಮೇಲೆ ಮೊದಲನೆಯ ದಿನವೇ ಇರಬೇಕಾದದ್ದು. ಅಲ್ಲಿ ಕೇಳದ ಪ್ರಶ್ನೆ ಮುಂದೆ ಕೆರೆಯ ಮೇಲೆ ನೊರೆಯಾಗಿ ಏಳುತ್ತದೆ, ಕೋರ್ಟಿನಲ್ಲಿ ಕಡತವಾಗಿ ಬೀಳುತ್ತದೆ.

ಸರ್ಕಾರದ ಪರವಾಗಿ ಒಂದು ಮಾತನ್ನು ಹೇಳುವುದುಂಟು: ಇಲಾಖೆಗಳಲ್ಲಿ ಜನವಿಲ್ಲ, ಜಾಣರು ನಿಲ್ಲುವುದಿಲ್ಲ, ಇಂದಿನ ಕೆಲಸಗಳು ಜಟಿಲ, ಹೊರಗಿನವರ ನೆರವಿಲ್ಲದೆ ನಡೆಯದು. ನಿಯಮವೂ ಹಾಗೆಯೇ ಹೇಳುತ್ತದೆ. ಇಲಾಖೆಗೆ ತಕ್ಕ ಪರಿಣತಿ ಇಲ್ಲದಿದ್ದಾಗ ಸಲಹೆಗಾರರನ್ನು ನೇಮಿಸಿಕೊಳ್ಳಬಹುದು ಎನ್ನುತ್ತದೆ. ಸರಿಯೇ. ಆದರೆ ಪರಿಣತಿ ಇಲ್ಲದ ಇಲಾಖೆ ಪರಿಣತರ ಉತ್ತರಗಳಿಗೆ ಅಂಕ ಹಾಕುವುದು ಹೇಗೆ? ಚಿನ್ನ ಗೊತ್ತಿಲ್ಲದವನು ಅಕ್ಕಸಾಲಿಯ ಅಂಗಡಿಯಲ್ಲಿ ಹೊಳಪು ನೋಡಿ ಕೊಳ್ಳುತ್ತಾನೆ. ನಮ್ಮ ಇಲಾಖೆಗಳು ವರದಿಯ ದಪ್ಪ ನೋಡಿ ಕೊಳ್ಳುತ್ತವೆ.

ಚಿನ್ನದ ಮಾತು ಬಂದದ್ದರಿಂದ, ಇದೇ ಜಿಲ್ಲೆಯ ಹಳೆಯ ಸಂಗತಿಯೊಂದನ್ನು ನೆನೆಯಬಹುದು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕೊಟ್ಟದ್ದು ಜಗತ್ತೇ ಬೆರಗಾದ ಕೆಲಸ. ಅದನ್ನು ಮೈಸೂರು ತಾನೊಂದೇ ಮಾಡಲಿಲ್ಲ. ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು. ಆದರೆ ಆ ಕಂಪನಿಗಳೊಡನೆ ಮಾತಾಡಲು ಮೈಸೂರು ಸರ್ಕಾರದ ಬಳಿ ಲೋಟ್ಬಿನಿಯರ್ ಎಂಬ ಎಂಜಿನಿಯರಿದ್ದ. ಜಲಪಾತ ಅವನಿಗೆ ಗೊತ್ತಿತ್ತು. ಯೋಜನೆಯನ್ನು ತಲೆಯಲ್ಲಿಟ್ಟುಕೊಂಡು ಅವನೇ ವಿದೇಶಗಳಿಗೆ ಹೋಗಿ ವಿಚಾರಿಸಿ ಬಂದ. ಪ್ರಶ್ನೆ ಸರ್ಕಾರದ್ದು, ಯಂತ್ರ ಕಂಪನಿಯದು. ಇಂದು ಯಂತ್ರವೂ ಕಂಪನಿಯದು, ವರದಿಯೂ ಕಂಪನಿಯದು, ಆ ವರದಿಯನ್ನು ಪರಿಶೀಲಿಸುವುದಕ್ಕೂ ಇನ್ನೊಂದು ಕಂಪನಿ.

ಸಲಹೆಗಾರನೆಂದರೆ ಹೇಗಿರಬೇಕೆಂಬುದಕ್ಕೆ ಮಾದರಿಯನ್ನು ಕೊಟ್ಟದ್ದೂ ಹಳೆಯ ಕೋಲಾರ ಜಿಲ್ಲೆಯೇ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ನೌಕರಿ ಬಿಟ್ಟ ಮೇಲೆ, 1908ರ ಮೂಸಿ ಪ್ರವಾಹದಿಂದ ನಲುಗಿದ್ದ ಹೈದರಾಬಾದಿಗೆ ನಿಜಾಮ ಸರ್ಕಾರದ ಕರೆಯ ಮೇರೆಗೆ ಸಲಹಾ ಎಂಜಿನಿಯರಾಗಿ ಹೋದರು. ಅವರು ಕುಳಿತು ವರದಿ ಬರೆಯಲಿಲ್ಲ. ಮಳೆಯ ದಾಖಲೆಗಳನ್ನು ಜಾಲಾಡಿದರು, ನದಿಯ ಮೇಲ್ಭಾಗದಲ್ಲಿ ಎಷ್ಟು ಕೆರೆಗಳು ಒಡೆದವೆಂದು ಲೆಕ್ಕ ಹಿಡಿದರು, ಆಮೇಲೆ ಎರಡು ಜಲಾಶಯಗಳನ್ನು ಕಟ್ಟಿ ಎಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹಾಗೆ. ಆ ಸಲಹೆಗೆ ಅವರ ಹೆಸರಿತ್ತು. ತಪ್ಪಾಗಿದ್ದರೆ ಅಪಕೀರ್ತಿಯೂ ಅವರದೇ ಆಗುತ್ತಿತ್ತು.

ನಮ್ಮ ಕಾಲದಲ್ಲಿಯೂ ನಿವೃತ್ತ ಎಂಜಿನಿಯರು ಜಿ.ಎಸ್. ಪರಮಶಿವಯ್ಯನವರು ಪಶ್ಚಿಮಕ್ಕೆ ಹರಿಯುವ ನೀರನ್ನು ಬಯಲುಸೀಮೆಗೆ ತಿರುಗಿಸುವ ವಿಚಾರವನ್ನು ಮುಂದಿಟ್ಟರು. ಅದನ್ನು ಒಪ್ಪದವರೂ ಇದ್ದರು. ಆದರೆ ಕೋಲಾರದ ರೈತ ಅದನ್ನು ಪರಮಶಿವಯ್ಯ ವರದಿ ಎಂದು ಹೆಸರಿಟ್ಟೇ ಕರೆದ, ಅದಕ್ಕಾಗಿ ಬೀದಿಗಿಳಿದ. ಇಂದಿನ ಕಂಪನಿ ವರದಿಗಳಲ್ಲಿ ಯಾವುದಕ್ಕಾದರೂ ಜನ ಹೀಗೆ ಒಬ್ಬ ಮನುಷ್ಯನ ಹೆಸರು ಹಿಡಿದು ಕರೆಯುವುದನ್ನು ಕೇಳಿದ್ದೀರಾ? ಹೆಸರಿಲ್ಲದ ವರದಿಗೆ ಹೊಣೆಯೂ ಇಲ್ಲ.

ಇದು ನಮ್ಮ ಬಡದೇಶದ ದೌರ್ಬಲ್ಯವೆಂದು ಸಂಕೋಚಪಡಬೇಕಾಗಿಲ್ಲ. ಶ್ರೀಮಂತ ಆಸ್ಟ್ರೇಲಿಯಾದಲ್ಲಿ ತೆರಿಗೆ ಕಾನೂನು ರೂಪಿಸಲು ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಸಂಸ್ಥೆಯೊಳಗಿನವರು ಆ ಗುಟ್ಟನ್ನು ತಮ್ಮ ಲಾಭಕ್ಕೆ ಬಳಸಿಕೊಂಡದ್ದು 2023ರಲ್ಲಿ ದೊಡ್ಡ ಹಗರಣವಾಯಿತು. ಕೊನೆಗೆ ಆ ಸಂಸ್ಥೆ ಸರ್ಕಾರಕ್ಕೆ ಸಲಹೆ ಕೊಡುವ ತನ್ನ ವ್ಯವಹಾರವನ್ನು ಅಲ್ಲಿಯ ಒಂದು ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಸ್ವಂತ ಬುದ್ಧಿಯನ್ನು ಹೊರಗೆ ಗುತ್ತಿಗೆಗೆ ಕೊಟ್ಟ ಸರ್ಕಾರ ಎಲ್ಲಿದ್ದರೂ ಅದರ ಪಾಡು ಒಂದೇ.

ಹಾಗಾದರೆ ಮಾಡಬೇಕಾದದ್ದೇನು? ನಾಲ್ಕು ಮಾತು ಸಾಕು.

ಮೊದಲನೆಯದಾಗಿ, ಕಂಪನಿಗಳನ್ನು ಕರೆಯುವ ಮುನ್ನ ಕೆಲಸದ ವ್ಯಾಪ್ತಿಪತ್ರವನ್ನು ಕನ್ನಡದಲ್ಲಿ ಪ್ರಕಟಿಸಿ ಆಯಾ ತಾಲ್ಲೂಕಿನ ಗ್ರಾಮಸಭೆಗಳ ಮುಂದಿಡಿ. ಶ್ರೀನಿವಾಸಪುರದ ಮಾವಿನ ತೋಪಿನ ನೀರಿನ ಗರಜು ಬೇರೆ, ಕೋಲಾರದ ಟೊಮೇಟೊ ಹೊಲದ್ದು ಬೇರೆ, ಮಾಲೂರಿನ ಕಾರ್ಖಾನೆ ಸಾಲಿನದ್ದು ಬೇರೆ. ಇದನ್ನು ಹೇಳಲು ಅಲ್ಲಿಯವರಿಗೆ ಪದವಿ ಬೇಕಾಗಿಲ್ಲ. ಮಹತ್ವದ ನಿರ್ಧಾರ ಮಾಡುವಾಗ ಅದಕ್ಕೆ ಸಂಬಂಧಪಟ್ಟ ಸಂಗತಿಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು ಸರ್ಕಾರಕ್ಕೆ ವಿಧಿಸಿಯೂ ಇದೆ.

ಎರಡನೆಯದಾಗಿ, ಇದು ಬೇಕೆ ಎಂಬ ಪ್ರಶ್ನೆಯನ್ನು ಇದನ್ನು ಹೇಗೆ ಮಾಡುವುದು ಎಂಬ ಪ್ರಶ್ನೆಯಿಂದ ಬೇರ್ಪಡಿಸಿ, ಎರಡನ್ನೂ ಬೇರೆ ಬೇರೆಯವರಿಗೆ ವಹಿಸಿ. ಹೂಳು ತೆಗೆದು, ರಾಜಕಾಲುವೆ ಬಿಡಿಸಿ, ಇರುವ ಕೆರೆಗಳನ್ನು ಉಳಿಸಿಕೊಂಡರೆ ಎಷ್ಟು ನೀರು ಉಳಿದೀತೆಂಬ ಲೆಕ್ಕ ಮೊದಲು ಬರಲಿ. ಬೇಡ ಎಂದವನಿಗೂ ಪೂರ್ತಿ ಸಂಭಾವನೆ ಸಿಗಲಿ.

ಮೂರನೆಯದಾಗಿ, ನೆಲ ಬಲ್ಲವರಿಗೆ ಅಂಕ ಕೊಡಿ. ಲೆಕ್ಕ ಹಾಕಿದವರ ಹೆಸರನ್ನು ವರದಿಯ ಮೊದಲ ಪುಟದಲ್ಲಿ ಹಾಕಿಸಿ. ಅಂದಾಜು ಹಳಿ ತಪ್ಪಿದಾಗ ಕಾರಣವನ್ನು ಅವರಿಂದಲೇ ಬಹಿರಂಗವಾಗಿ ಹೇಳಿಸಿ.

ನಾಲ್ಕನೆಯದಾಗಿ, ಇಲಾಖೆಯೊಳಗೆ ವರದಿ ಓದಬಲ್ಲ, ಓದಿ ಇದು ಸುಳ್ಳು ಎನ್ನಬಲ್ಲ ಎಂಜಿನಿಯರುಗಳನ್ನು ಉಳಿಸಿಕೊಳ್ಳಿ. ಅವರ ಸಂಬಳ, ಒಂದು ತಪ್ಪು ಅಂದಾಜಿನ ಬಡ್ಡಿಗೂ ಸಮನಾಗಲಾರದು.

ಇದರಿಂದ ತಡವಾಗುತ್ತದೆ ಎನ್ನುವವರುಂಟು. ಒಂದು ಹೊಳೆಗಾಗಿ ಹತ್ತಾರು ವರ್ಷ ಕಾದ ಜನಕ್ಕೆ, ಪ್ರಶ್ನೆ ಕೇಳಲು ಆರು ತಿಂಗಳು ಹಿಡಿಯುತ್ತದೆಂದರೆ ಅವರು ನಗುತ್ತಾರೆ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಕೋಲಾರದ ತಾಲ್ಲೂಕುಗಳು ವರ್ಷವರ್ಷವೂ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿಗೂ ಕೆಳಗಿನಿಂದ ಎತ್ತುವ ನೀರಿನಲ್ಲಿ ಫ್ಲೋರೈಡು ಬೆರೆತು ಬರುತ್ತದೆ. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಹಿರಿಯರ ಕೀಲು ಹಿಡಿದುಕೊಳ್ಳುತ್ತದೆ. ಆ ಹಲ್ಲು, ಆ ಕೀಲುಗಳ ಮೇಲೆ ಹಳೆಯ ನಿರ್ಧಾರಗಳ ವರದಿ ಬರೆದಾಗಿದೆ. ಅದನ್ನು ಓದಲು ಯಾವ ಸಲಹಾ ಸಂಸ್ಥೆಯೂ ಬೇಕಿಲ್ಲ. ಅದನ್ನು ಓದಿದ ಮೇಲೆಯೇ ಮುಂದಿನ ಆಹ್ವಾನವನ್ನು ಬರೆಯಲಿ.