ಕೇಳಿದ್ದಕ್ಕೆ ಉತ್ತರ

ಪ್ರಶ್ನೆ: 25 ಸಾವಿರಕ್ಕೆ ಹಳೇ ಯೆಜ್ಡಿ ಸಿಕ್ಕಿದೆ. ವಿಪರೀತ ಹೊಗೆ. ಕೈಲಿರೋದು ತಂಗಿ ಮದುವೆಗೆ ಕೂಡಿಟ್ಟ ಹಣ. ಕೊಳ್ಳಲೇ? (ಓದುಗ, ತಿಪಟೂರು)

ಉತ್ತರ: ಆತುರ ಬೇಡ, ಸ್ವಾಮಿ! ಮೈಸೂರಿನ ಆ ಕಾರ್ಖಾನೆ ಬಾಗಿಲು ಹಾಕಿದ್ದೇ 1996ರಲ್ಲಿ. ನಿಮ್ಮ 'ನಾಯಕಿ'ಗೆ ವಯಸ್ಸೆಷ್ಟು, ನೀವೇ ಲೆಕ್ಕ ಹಾಕಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿ, ಚೂರು ಹೊಗೆ ಸಹಜ. ಆದರೆ ಗೇರ್‌ಬಾಕ್ಸ್ ಆಯಿಲ್ ನೆಲಕ್ಕೆ ತೊಟ್ಟಿಕ್ಕದೆಯೇ ಕಮ್ಮಿಯಾಗ್ತಿದ್ದರೆ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಅನುಮಾನಿಸಿ. ಇಂಜಿನ್ನಿಗೆ ಕೈ ಹಾಕಲೇಬೇಕು. ಖರ್ಚೆಷ್ಟು ಅಂತ ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ, ಬೆಲೆಯಲ್ಲಿ ಕಳೀರಿ. ಆರ್.ಸಿ. ಪುಸ್ತಕಕ್ಕೂ ಚಾಸಿಗೂ ನಂಬರ್ ತಾಳೆಯಾಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ತಂಗಿ ದುಡ್ಡಂತೂ ಮುಟ್ಟಲೇಬೇಡಿ. ಮದುವೆ ಮುಗಿದ ಮೇಲೂ ಗಾಡಿ ಅಲ್ಲೇ ನಿಂತಿದ್ದರೆ ಹೋಗಿ, ಇನ್ನೂ ಅಗ್ಗಕ್ಕೆ ಕೇಳಿ!