ಕೇಸು ಕಡಿಮೆ ಅಂದ್ರೆ ಏರಿಯಾ ಸೇಫಾ?

ಹೊಸೂರು: ಬೆಂಗಳೂರಿನ ಬಾಡಿಗೆ ತಾಳಲಾರದೆ ಹೊಸೂರಿನಲ್ಲಿ ಮನೆ ಹುಡುಕುವವರು ನೀರಿನ ವಿಚಾರ ಮುಗಿದ ಮೇಲೆ ಕೇಳುವುದು ಒಂದೇ: ‘ಈ ಏರಿಯಾ ಹೆಂಗೆ? ಕಳ್ಳರ ಕಾಟ ಇದೆಯಾ?’ 2019ರಲ್ಲಿ ಮಹಾನಗರ ಪಾಲಿಕೆಯಾದ ಈ ಊರಲ್ಲಿ ಅದಕ್ಕೆ ಉತ್ತರ ಸುಲಭವಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತ್ಯೇಕ ಲೆಕ್ಕ ಕೊಡುವುದು ದೊಡ್ಡ ಮಹಾನಗರಗಳಿಗೆ ಮಾತ್ರ. ಹೊಸೂರಿನದು ಕೃಷ್ಣಗಿರಿ ಜಿಲ್ಲೆಯ ಲೆಕ್ಕದಲ್ಲಿ ಸೇರಿಹೋಗುತ್ತದೆ. ಅದೂ ದಾಖಲಾದ ಪ್ರಕರಣಗಳ ಲೆಕ್ಕ, ನಡೆದ ಅಪರಾಧಗಳದ್ದಲ್ಲ. ಬೈಕ್ ಕಳಕೊಂಡವರು ‘ಸ್ಟೇಷನ್ನಿಗೆ ಯಾರು ಅಲೀತಾರೆ’ ಅಂತ ಸುಮ್ಮನಾದರೆ ಕಾಗದದಲ್ಲಿ ಆ ಬಡಾವಣೆ ಶಾಂತ. ಬಂದ ದೂರನ್ನೆಲ್ಲ ಬರೆದುಕೊಳ್ಳುವ ಠಾಣೆಗೇ ಕೆಟ್ಟ ಹೆಸರು.

ಹಾಗಾಗಿ ಮುಂಗಡ ಕೊಡುವ ಮೊದಲು ರಾತ್ರಿ ಒಂಬತ್ತರ ಮೇಲೆ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡುವುದು ಒಳ್ಳೆಯದು. ಬೀದಿದೀಪ ಉರಿಯುತ್ತಿದೆಯೇ, ಖಾಲಿ ಸೈಟುಗಳಲ್ಲಿ ಪೊದೆ ಬೆಳೆದಿದೆಯೇ, ಸಿಪ್‌ಕಾಟ್‌ನಲ್ಲಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ಯಾವ ದಾರಿ ಬಿಟ್ಟು ಸುತ್ತಿ ಬರುತ್ತಾರೆ ಎಂಬುದು ಯಾವ ಪಟ್ಟಿಯಲ್ಲೂ ಸಿಗದು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದನ್ನೂ ನೋಡಬಹುದು.

ಗಡಿಯ ಜನರಿಗೆ ಇನ್ನೊಂದು ಮಾತು. ಅತ್ತಿಬೆಲೆಯಲ್ಲಿ ಕಳವಾದದ್ದಕ್ಕೆ ಹೊಸೂರಿನಲ್ಲಿ ದೂರು ಕೊಟ್ಟರೆ ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹಾಗೆ ಹೇಳುತ್ತದೆ. ದೂರೇ ಇಲ್ಲದ ಬೀದಿಗೆ ಗಸ್ತು ಬೇಕೆಂದು ಕೇಳುವುದಾದರೂ ಹೇಗೆ?