ಓವನ್ ಸತ್ತರೆ ಮೊದಲು ತಲೆ ಓಡಿಸಿ, ಆಮೇಲೆ ಕೈ

ಗದಗ-ಬೆಟಗೇರಿಯಲ್ಲಿ ಮಗ್ಗದ ಮೋಟಾರಿನಿಂದ ಹಿಡಿದು ಮಿಕ್ಸರಿನವರೆಗೆ ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುವ ಕೈಗಳಿಗೆ ಕೊರತೆಯಿಲ್ಲ. ಕೆಟ್ಟ ವಸ್ತುವನ್ನು ಎಸೆಯುವ ಮೊದಲು ನಾಲ್ಕು ಸಲ ಯೋಚಿಸುವುದು ನಮ್ಮ ಜನರ ಒಳ್ಳೆಯ ಗುಣ. ಆದರೆ ಈಚಿನ ವರ್ಷಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಡುಗೆಮನೆಗಳಿಗೂ ಬಂದಿರುವ ಮೈಕ್ರೊವೇವ್ ಕನ್ವೆಕ್ಷನ್ ಓವನ್ ಈ ಗುಣಕ್ಕೆ ಒಂದು ಗಡಿ ಹಾಕುತ್ತದೆ. ಅದರ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಮನೆಯಲ್ಲೇ ಕಂಡುಹಿಡಿಯಬಹುದು. ಆದರೆ ಅದರ ಕವಚವನ್ನು ಯಾರು ಬೇಕಾದರೂ ಬಿಚ್ಚುವಂತಿಲ್ಲ. ಈ ಎರಡು ಮಾತೂ ಹೇಗೆ ನಿಜ ಎಂಬುದನ್ನು ಈ ವಾರ ನೋಡೋಣ.

ಮೊದಲು ಯಂತ್ರದ ಪರಿಚಯ. ಇದು ಒಂದೇ ಪೆಟ್ಟಿಗೆಯಲ್ಲಿರುವ ಎರಡು ಒಲೆ. ಒಂದು ಒಲೆಯ ಜೀವ ಮ್ಯಾಗ್ನೆಟ್ರಾನ್ ಎಂಬ ನಳಿಗೆ. ಅದು ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುವ, ಸುಮಾರು 12 ಸೆಂಟಿಮೀಟರ್ ತರಂಗದೂರದ ಅಲೆಗಳನ್ನು ಹೊರಡಿಸುತ್ತದೆ. ಆಹಾರದಲ್ಲಿರುವ ನೀರಿನ ಅಣುಗಳು ಆ ಶಕ್ತಿಯನ್ನು ಹೀರಿ ಬಿಸಿಯಾಗುತ್ತವೆ. ಎರಡನೆಯದು ಕನ್ವೆಕ್ಷನ್ ಒಲೆ. ಇದರಲ್ಲಿ ಇಸ್ತ್ರಿ ಪೆಟ್ಟಿಗೆಯಲ್ಲಿರುವಂಥದೇ ಕಾಯಿಲ್ ಇದೆ, ಅದರ ಬಿಸಿಗಾಳಿಯನ್ನು ಒಳಗೆಲ್ಲ ತಿರುಗಿಸುವ ಒಂದು ಫ್ಯಾನ್ ಇದೆ.

ಮ್ಯಾಗ್ನೆಟ್ರಾನ್ ಅಡುಗೆಗಾಗಿ ಹುಟ್ಟಿದ್ದಲ್ಲ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ್ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ವಿಜ್ಞಾನಿಗಳು ಅದರ ಪ್ರಬಲ ರೂಪವನ್ನು ಯುದ್ಧದ ರೇಡಾರ್‌ಗಾಗಿ ಸಿದ್ಧಪಡಿಸಿದರು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಅದರಿಂದ ಆಹಾರ ಬಿಸಿಯಾಗುವುದನ್ನು ಗಮನಿಸಿ ಓವನ್ ರೂಪಿಸಿದರು. ಹೀಗೆ ರೇಡಾರಿನ ಒಂದು ಅಂಗ ನಮ್ಮ ಅಡುಗೆಮನೆಯಲ್ಲಿ ಕುಳಿತಿದೆ ಎಂಬುದನ್ನು ಮರೆಯಬಾರದು.

ಈಗ ದೋಷದ ಮಾತು. "ಸರ್, ನಿನ್ನೆ ಸಂಜಿತನಕ ಛಲೋ ಇತ್ರಿ, ಇವತ್ತ ಸತ್ತಂಗ ಕುಂತೈತ್ರಿ" ಎಂದು ಹೇಳಿದರೆ ಸಾಲದು. ವೈದ್ಯರು ನಾಡಿ ಹಿಡಿಯುವ ಮೊದಲು ನಾಲ್ಕು ಪ್ರಶ್ನೆ ಕೇಳುವಂತೆ ನಾವೂ ಕೇಳಬೇಕು. ದೀಪ, ಗಡಿಯಾರ, ಸದ್ದು ಯಾವುದೂ ಇಲ್ಲವೇ? ಗಡಿಯಾರ ಕಾಣುತ್ತಿದ್ದು, ಗುಂಡಿ ಒತ್ತಿದರೆ ಮಾತ್ರ ಓಡುವುದಿಲ್ಲವೇ? ತಟ್ಟೆ ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಹಾಲು ಬಿಸಿಯಾಗುವುದಿಲ್ಲವೇ? ಹಾಲು ಬಿಸಿಯಾಗುತ್ತದೆ, ಕೇಕ್ ಮಾತ್ರ ಬೇಯುವುದಿಲ್ಲವೇ? ಈ ನಾಲ್ಕೂ ಬೇರೆ ಬೇರೆ ರೋಗಗಳು.

ಏನೂ ಇಲ್ಲದಿದ್ದರೆ ಓವನ್ನನ್ನು ಬಿಟ್ಟು ಗೋಡೆಯ ಕಡೆಗೆ ನೋಡಿ. ಅನೇಕರು ಟೆಸ್ಟರ್ ಚುಚ್ಚಿ, ಅದು ಮಿನುಗಿದರೆ "ಕರೆಂಟ್ ಬರಾಕತ್ತೈತಿ" ಎಂದು ತೀರ್ಮಾನಿಸುತ್ತಾರೆ. ಇಲ್ಲೊಂದು ತಪ್ಪು ತರ್ಕವಿದೆ. ಟೆಸ್ಟರ್ ಹೇಳುವುದು ಫೇಸ್ ತಂತಿಯಲ್ಲಿ ವಿದ್ಯುತ್ ಇದೆ ಎಂದಷ್ಟೆ. ನ್ಯೂಟ್ರಲ್ ಕಡಿದಿದ್ದರೂ ಅದು ಮಿನುಗುತ್ತದೆ. ಮಂಡಲ ಪೂರ್ಣವಾಗದೆ ಪ್ರವಾಹ ಹರಿಯದು ಎಂದು ನೀವು ಪಾಠದಲ್ಲಿ ಓದಿಲ್ಲವೇ? ಮೊಬೈಲ್ ಚಾರ್ಜರ್ ಹಚ್ಚಿ ನೋಡುವುದೂ ಸಾಲದು. ಸಡಿಲವಾದ ಸಾಕೆಟ್ ಚಾರ್ಜರಿನ ಅಲ್ಪ ಪ್ರವಾಹವನ್ನು ಸಾಗಿಸುತ್ತದೆ, ಓವನ್ ಬೇಡುವ ಪ್ರವಾಹಕ್ಕೆ ಸೋಲುತ್ತದೆ. ಅದೇ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಚ್ಚಿ ಎರಡು ನಿಮಿಷ ನೋಡುವುದೇ ಸರಿಯಾದ ಪರೀಕ್ಷೆ. ಇಸ್ತ್ರಿ ಕಾಯದಿದ್ದರೆ, ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ರೋಗ ಗೋಡೆಯದು, ಓವನ್ನಿನದಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಲಕ್ಷ್ಮೇಶ್ವರದ ಪರಿಚಿತರ ಮನೆಯಲ್ಲಿ ಓವನ್ನಿನ ಬೋರ್ಡನ್ನೇ ಬದಲಿಸಬೇಕೆಂದು ಒಬ್ಬರು ಹೇಳಿ ಹೋಗಿದ್ದರು. ಇಸ್ತ್ರಿ ಹಚ್ಚಿ ನೋಡಿದರೆ ಅದೂ ಕಾಯಲಿಲ್ಲ. 6 ಆಂಪಿಯರ್ ಸಾಕೆಟ್ಟಿಗೆ ಓವನ್ ಹಚ್ಚಿ ಹಚ್ಚಿ ಅದರೊಳಗಿನ ಹಿತ್ತಾಳೆ ಪಟ್ಟಿ ಕರಕಲಾಗಿತ್ತು. ಲೆಕ್ಕ ಸರಳ: ಕನ್ವೆಕ್ಷನ್‌ನಲ್ಲಿ ಓವನ್ 2200 ವಾಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ಅದನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು ಒಂಬತ್ತೂವರೆ ಆಂಪಿಯರ್. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ.

ಇನ್ನೊಂದು ಪ್ರಶ್ನೆ: ಓವನ್ ಸತ್ತದ್ದು ಯಾವಾಗ? ಬೇಸಿಗೆಯ ಅಡ್ಡಮಳೆ, ಗಾಳಿಯ ಸಂಜೆಯೇ? ಕಂಬದಲ್ಲಿ ನ್ಯೂಟ್ರಲ್ ತಂತಿ ಕಿತ್ತರೆ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು 400ರ ಸಮೀಪದ ವೋಲ್ಟೇಜ್ ನುಗ್ಗಬಹುದು. ಒಂದೆಡೆ ಬಲ್ಬು ಮಂಕು, ಇನ್ನೊಂದೆಡೆ ಕಣ್ಣು ಕುಕ್ಕುವ ಬೆಳಕು ಕಂಡರೆ ತಕ್ಷಣ ಮೇನ್ ಸ್ವಿಚ್ ಆರಿಸಿ ಹೆಸ್ಕಾಂಗೆ 1912ರಲ್ಲಿ ತಿಳಿಸಿ. ಓಣಿಯಲ್ಲಿ ನಾಲ್ಕಾರು ಮನೆಯ ಟಿ.ವಿ., ಫ್ರಿಜ್ ಒಂದೇ ಸಂಜೆ ಸತ್ತಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಗಡಿಯಾರ ಕಂಡೂ ಓವನ್ ಓಡದಿದ್ದರೆ ಮಕ್ಕಳ ಬೀಗ ಒತ್ತಿದೆಯೇ, ಬಾಗಿಲ ಕೊಕ್ಕೆಯಲ್ಲಿ ಆಹಾರದ ಚೂರು ಸಿಕ್ಕಿದೆಯೇ ನೋಡಿ. ಬಾಗಿಲು ಪೂರ್ತಿ ಮುಚ್ಚಿದೆ ಎಂದು ಒಳಗಿನ ಚಿಕ್ಕ ಸ್ವಿಚ್ಚುಗಳು ಒಪ್ಪದೆ ಯಂತ್ರ ಓಡುವುದಿಲ್ಲ. ಬಹಳ ಹೊತ್ತು ಕೇಕ್ ಬೇಯಿಸುವಾಗ ಆರಿಹೋಗಿ, ತಾಸೆರಡು ತಾಸಿನ ಬಳಿಕ ತಾನೇ ಜೀವ ಪಡೆದರೆ ಅದು ಅತಿ ಬಿಸಿಯನ್ನು ತಡೆಯುವ ಕಟ್-ಔಟ್‌ನ ಕೆಲಸ. ಗಾಳಿಯ ಕಿಂಡಿಗಳಲ್ಲಿ ಧೂಳು ತುಂಬಿದೆಯೇ, ಓವನ್ ಗೋಡೆಗೆ ಅಂಟಿ ಕೂತಿದೆಯೇ ನೋಡಿ.

ಬಿಸಿ ಕಡಿಮೆ ಅನ್ನಿಸಿದರೆ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಪ್ರಯೋಗವಿದೆ. ಗಾಜಿನ ಬೋಗುಣಿಯಲ್ಲಿ ಒಂದು ಲೀಟರ್ ನೀರು ಹಾಕಿ ಉಷ್ಣತೆ ಬರೆದುಕೊಳ್ಳಿ. ಉಷ್ಣತಾಮಾಪಕವನ್ನು ಹೊರಗೆ ತೆಗೆದು, ನೀರನ್ನು ಪೂರ್ಣ ಮೈಕ್ರೊವೇವ್ ಶಕ್ತಿಯಲ್ಲಿ ಒಂದು ನಿಮಿಷ ಇಡಿ. ಹೊರಗೆ ತೆಗೆದು ಕಲಕಿ ಮತ್ತೆ ಅಳೆಯಿರಿ. ಏರಿದ ಪ್ರತಿ ಡಿಗ್ರಿಗೆ 70 ವಾಟ್ ಎಂದು ಗುಣಿಸಿ. ಒಂದು ಕಿಲೊ ನೀರಿಗೆ ಡಿಗ್ರಿಗೆ 4200 ಜೂಲ್ ಬೇಕು, ಅದನ್ನು 60 ಸೆಕೆಂಡಿಗೆ ಹಂಚಿದರೆ 70. ಹತ್ತು ಡಿಗ್ರಿ ಏರಿದರೆ 700 ವಾಟ್, ಯಂತ್ರ ಆರೋಗ್ಯವಾಗಿದೆ. ಎರಡೇ ಡಿಗ್ರಿ ಏರಿದರೆ ಮ್ಯಾಗ್ನೆಟ್ರಾನಿನ ಭಾಗದಲ್ಲಿ ದೋಷವಿದೆ.

ಕೇಕ್ ಮಾತ್ರ ಬೇಯದಿದ್ದರೆ ಕಾಯಿಲ್, ಫ್ಯಾನ್ ಇಲ್ಲವೇ ಉಷ್ಣತೆ ಅಳೆಯುವ ಭಾಗದ ಮೇಲೆ ಸಂಶಯಪಡಬಹುದು. ಅದಕ್ಕೂ ಮೊದಲು ಮನೆಯ ವೋಲ್ಟೇಜ್ ನೋಡಿ. ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230 ಇದ್ದದ್ದು 200ಕ್ಕೆ ಇಳಿದರೆ ಶಾಖ ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ. ಆಗ ತಪ್ಪು ಓವನ್ನಿನದೂ ಅಲ್ಲ, ಅಡುಗೆ ಮಾಡಿದವರದೂ ಅಲ್ಲ.

ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು. ಮುಂದಿನದು ಕವಚದ ಒಳಗಿನ ಮಾತು. ಅಲ್ಲಿ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 2000ಕ್ಕೆ ಏರಿಸುತ್ತದೆ. ಡಯೋಡ್ ಮತ್ತು ಕೆಪ್ಯಾಸಿಟರ್ ಸೇರಿ ಅದನ್ನು 4000ದ ಸುಮಾರಿಗೆ ಒಯ್ಯುತ್ತವೆ. ಟ್ರಾನ್ಸ್‌ಫಾರ್ಮರಿನ ಬದಲು ಇನ್ವರ್ಟರ್ ಇರುವ ಓವನ್ನುಗಳಲ್ಲೂ ಅಪಾಯ ಇಷ್ಟೇ. ಹೃದಯದ ಲಯ ತಪ್ಪಿಸಲು ಕೆಲವು ಹತ್ತು ಮಿಲಿ ಆಂಪಿಯರ್ ಸಾಕು. ಈ ಟ್ರಾನ್ಸ್‌ಫಾರ್ಮರ್ ಅದರ ಎಷ್ಟೋ ಪಟ್ಟು ಕೊಡಬಲ್ಲದು. ಪ್ಲಗ್ ಕಿತ್ತರೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಬರಿದು ಮಾಡುವ ರೋಧಕ ಒಳಗೆ ಇರುತ್ತದೆ ನಿಜ. ಆದರೆ ಅದೇ ಕೆಟ್ಟಿದ್ದರೆ ಹೊರಗಿನಿಂದ ತಿಳಿಯುವುದು ಹೇಗೆ?

ಆದ್ದರಿಂದ ತರಬೇತಿ ಪಡೆದ ಮೆಕ್ಯಾನಿಕರನ್ನೇ ಮನೆಗೆ ಕರೆಸಿ, ಸುಮ್ಮನೆ ಕೂರದೆ ದೂರದಿಂದ ಗಮನಿಸಿ. ಅವರು ಮೊದಲು ಪ್ಲಗ್ ಕೀಳಬೇಕು, ಆಮೇಲೆ ಕೆಪ್ಯಾಸಿಟರ್ ಬರಿದು ಮಾಡಬೇಕು. ನಂತರ ಫ್ಯೂಸ್, ಕಟ್-ಔಟ್, ಬಾಗಿಲ ಸ್ವಿಚ್ಚುಗಳನ್ನು ಒಂದೊಂದಾಗಿ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಬೋರ್ಡಿನ ಮಾತು ಬರುವುದು ಇವೆಲ್ಲ ಸರಿ ಇದ್ದರೆ ಮಾತ್ರ. ಫ್ಯೂಸ್ ಸುಟ್ಟಿದ್ದರೆ "ಏಕೆ ಸುಟ್ಟಿತು?" ಎಂದು ಕೇಳಿ. ಬಾಗಿಲು ತೆರೆದ ಕ್ಷಣದಲ್ಲೇ "ಫಟ್" ಎಂದಿದ್ದರೆ ಅದನ್ನು ತಪ್ಪದೆ ಹೇಳಿ. ಬಾಗಿಲ ಮುಖ್ಯ ಸ್ವಿಚ್ ಅಂಟಿಕೊಂಡು, ಬಾಗಿಲು ತೆರೆದಾಗಲೂ ಅಲೆಗಳು ಹೊರಡುವ ಸಂದರ್ಭ ಬಂದರೆ, ಇನ್ನೊಂದು ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುತ್ತದೆ. ಮನೆಯವರನ್ನು ಕಾಯಲೆಂದೇ ಮಾಡಿದ ಏರ್ಪಾಟು ಅದು. ಅಂಥ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತುವುದೆಂದರೆ ಕಾವಲುಗಾರನ ಕೈ ಕಟ್ಟಿ ಹಾಕಿದಂತೆ. ಅದೇ ಅಳತೆಯ ಫ್ಯೂಸ್, ಅದೇ ಬಗೆಯ ಸ್ವಿಚ್ ಹಾಕಿಸಿ.

ಪಾಲಕರಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ಓವನ್ನಿನ ಟ್ರಾನ್ಸ್‌ಫಾರ್ಮರ್ ಕಿತ್ತು ಕಟ್ಟಿಗೆಯ ಮೇಲೆ ಮಿಂಚಿನ ಚಿತ್ತಾರ ಸುಡುವ ವೀಡಿಯೊಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅಮೆರಿಕದಲ್ಲಿ ಇದನ್ನು ಮಾಡಲು ಹೋಗಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಕೆಟ್ಟ ಓವನ್ ಅಟ್ಟದ ಮೇಲಿದ್ದರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, ಈ ವಾರದ ನಿಮ್ಮ ಕೆಲಸ ಇಷ್ಟು: ಮನೆಯ ಓವನ್, ಗೀಸರ್, ಇಸ್ತ್ರಿಗಳ ಮೇಲೆ ಬರೆದಿರುವ ವಾಟ್ ಸಂಖ್ಯೆಯನ್ನು ಓದಿ, ಪ್ರತಿಯೊಂದೂ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಹಚ್ಚುವ ಸಾಕೆಟ್ 6ರದೋ 16ರದೋ ನೋಡಿ ಒಂದು ಪಟ್ಟಿ ಮಾಡಿ. ತಪ್ಪು ಸಾಕೆಟ್ ಕಂಡರೆ ಅಪ್ಪ-ಅವ್ವನಿಗೆ ತೋರಿಸಿ.